ದುರಗಪ್ಪನ ಬೂಟು

ಒಬ್ಬ ಜಡ್ಜ್ ಸಾಹೇಬರ ಕುಂಡೆ ತೊಳೆಯುವುದು ನನ್ನ ಕೆಲಸ. ಎಷ್ಟು ನಾಜೂಕಾಗಿ ಹೇಳಿದರೂ ಕೆಲಸ ಅದೇ. ಏಜೆನ್ಸಿಯವರು ಕೊಟ್ಟ ಬ್ಯಾಡ್ಜಿನಲ್ಲಿ ಪರಪ್ಪ ವಾಲೀಕಾರ, ಕೇರ್ ಅಸಿಸ್ಟೆಂಟ್ ಎಂದಿದೆ. ಊರಿನಲ್ಲಿ ನನ್ನ ಹೆಂಡತಿ ರತ್ನಾಬಾಯಿ ಕೇಳಿದವರಿಗೆಲ್ಲ ಲಂಡನ್ ದವಾಖಾನೆಯಲ್ಲಿ ದೊಡ್ಡ ನೌಕರಿ ಎನ್ನುತ್ತಾಳೆ. ಹೇಳಿಕೊಳ್ಳಲಿ. ಅವಳಿಗೂ ತಲೆ ಎತ್ತಿ ಓಡಾಡಲು ಏನಾದರೂ ಬೇಕು.

ಬೆಳಿಗ್ಗೆ ಎಂಟಕ್ಕೆ ಲಂಡನ್ನಿನ ಅಂಚಿನ ಸಟನ್ನಿನಲ್ಲಿರುವ ಡಾಕ್ಟರ್ ಮಾಧವ ದೇಸಾಯರ ಮನೆಯ ಬೆಲ್ ಒತ್ತುತ್ತೇನೆ. ಕೆಳಗಿನ ಕೋಣೆಯಲ್ಲಿ ಅವರ ತಂದೆ ರಾಮಪ್ರಸಾದ ದೇಸಾಯರು ಮಲಗಿರುತ್ತಾರೆ. ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಎಂಬತ್ತೈದು ತುಂಬುತ್ತ ಬಂದ ದೇಹ. ಲಕ್ವ ಹೊಡೆದು ಎಡಗೈ ಎಡಗಾಲು ಸತ್ತಿವೆ. ರಾತ್ರಿಯ ಪ್ಯಾಡ್ ಬಿಚ್ಚಬೇಕು. ಒರೆಸಬೇಕು. ತೊಳೆಯಬೇಕು. ತೊಡೆಯ ಸಂದಿಗೆ ಮುಲಾಮು ಹಚ್ಚಬೇಕು. ಬೆನ್ನು ಹುಣ್ಣಾಗದಂತೆ ಹೊರಳಿಸಬೇಕು. ಎತ್ತಿ ಕೂರಿಸಲು ಯಂತ್ರವಿದೆ. ಕೈಯಿಂದ ಎತ್ತಕೂಡದು ಎಂದು ಏಜೆನ್ಸಿಯ ಕಟ್ಟಪ್ಪಣೆಯೂ ಇದೆ. ಸಾಹೇಬರಿಗೆ ಯಂತ್ರ ಆಗುವುದಿಲ್ಲ.

"ಆ ಜೋಕಾಲಿ ಬ್ಯಾಡ ನನಗ. ನೀ ಎತ್ತು."

ಎತ್ತುತ್ತೇನೆ. ಎರಡೂ ಕಂಕುಳಲ್ಲಿ ಕೈ ಕೊಟ್ಟು, ಅವರ ಗದ್ದ ನನ್ನ ಹೆಗಲ ಮೇಲೆ ಬರುವಂತೆ ತಬ್ಬಿ ಎತ್ತುತ್ತೇನೆ. ನಡ ಮುರಿದು ಕೈಗೆ ಬರುತ್ತದೆ. ನನ್ನಜ್ಜನ ನೆರಳು ತಾಕಿದರೆ ಇವರಜ್ಜ ಮತ್ತೊಮ್ಮೆ ಸ್ನಾನ ಮಾಡುತ್ತಿದ್ದರು. ಇವರಿಗೆ ನನ್ನ ಕೈ ಇಲ್ಲದೆ ಸ್ನಾನವೇ ಇಲ್ಲ. ಇದನ್ನು ನೆನೆದು ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಗಲಿಕ್ಕೆ ಜೊತೆಗೆ ಯಾರೂ ಇಲ್ಲವಲ್ಲ ಎಂದು ಅದೂ ನಿಂತಿತು.

ನಾನೂ ಅವರೂ ಒಂದೇ ಊರಿನವರು. ಇದು ಆಕಸ್ಮಿಕ ಅಲ್ಲ. ತಂದೆಗೆ ಲಕ್ವ ಹೊಡೆದಾಗ ಮಾಧವ ಸಾಹೇಬರು ಊರಿಗೆ ಹೇಳಿ ಕಳಿಸಿದರು, ನಮ್ಮ ವಾಲೀಕಾರರ ಪೈಕಿ ನಂಬಿಗಸ್ತ ಹುಡುಗರು ಯಾರಾದರೂ ಇದ್ದರೆ ನೋಡಿ ಎಂದು. ನಾನು ವಿಜಯಪುರದ ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡ್‌ಬಾಯ್ ಆಗಿದ್ದೆ. ವಯಸ್ಸು ನಲವತ್ತು ದಾಟಿತ್ತು. ಆದರೂ ಹುಡುಗ. ಅವರಿಗೆ ಗೊತ್ತಿದ್ದ ಏಜೆನ್ಸಿಯಿಂದ ವೀಸಾ ಬಂತು. ಹೆಂಡತಿ ಮಕ್ಕಳನ್ನು ಜೊತೆಗೆ ತರುವ ಹಾಗಿಲ್ಲ ಎಂದು ಇಲ್ಲಿ ಕಾಯಿದೆ ಆದ ಮೇಲೆ ಬಂದವನು ನಾನು. ರತ್ನಾಬಾಯಿ ಮತ್ತು ಮಗಳು ಸೃಷ್ಟಿ ಅಲ್ಲೇ ಉಳಿದರು. ದೇಸಾಯರು ಸಮುದ್ರ ದಾಟಿದರೂ ಅವರ ಹಿಂದೆ ಒಬ್ಬ ವಾಲೀಕಾರ ಬೇಕಿತ್ತು. ಬಂದೆ.

ವಾಲೀಕಾರ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕು. ನಮ್ಮೂರ ನಡುವೆ ದೇಸಾಯರ ಕೋಟೆಯಂಥ ಮನೆ, ವಾಡೆ, ವಾಡೆಯ ಮುಂದೆ ಕಲ್ಲಿನ ಕಟ್ಟೆ. ಸುತ್ತಲಿನ ಹಳ್ಳಿಗಳಿಗೆಲ್ಲ ಅದೇ ಕೋರ್ಟು. ದೇಸಾಯರು ಕಟ್ಟೆಯ ಮೇಲೆ ಕೂತು ತೀರ್ಪು ಹೇಳುತ್ತಿದ್ದರು. ಕೆಳಗೆ ಕಂಬಳಿ ಹೊದ್ದು, ಕೋಲು ಹಿಡಿದು ವಾಲೀಕಾರ ನಿಂತಿರುತ್ತಿದ್ದ. ಮಂದಿಯನ್ನು ಕರೆತರುವವನು ಅವನು. ಕಟ್ಟಿಹಾಕುವವನು ಅವನು. ಹೊಡೆ ಎಂದರೆ ಹೊಡೆಯುವವನೂ ಅವನೇ. ಪಂಚರು ಬಿಟ್ಟ ಚಪ್ಪಲಿ ಕಾಯುವುದೂ ಅವನ ಪಾಲಿಗೇ. ಕೂಟ ಏಳುವುದರೊಳಗೆ ಒಂದೊಂದು ಜೋಡನ್ನೂ ತುದಿ ಹೊರಗೆ ಮಾಡಿ ಇಡಬೇಕು. ದೊಡ್ಡವರು ಇಳಿದವರೇ ಕಾಲು ತೂರಿಸಿ ಹೋಗಬೇಕು, ಅವರಿಗೆ ತಿರುಗುವ ತ್ರಾಸು ಆಗಬಾರದು. ನನ್ನಜ್ಜ ಅಮರಪ್ಪ ಅದನ್ನು ಕೋಲಿನ ತುದಿಯಿಂದ ಮಾಡುತ್ತಿದ್ದನಂತೆ, ಮುಟ್ಟುವ ಹಾಗಿರಲಿಲ್ಲ. ನನಗೆ ಕೈಯಿಂದ ಮುಟ್ಟುವ ಭಾಗ್ಯ ಬಂದಿದೆ.

ಹೌದು, ನಾನೂ ಮಾಡುತ್ತಿದ್ದೆ. ಯಾರೂ ಹೇಳಿರಲಿಲ್ಲ. ಆ ಮನೆಯ ಬಾಗಿಲೊಳಗೆ ಕಾಲಿಟ್ಟ ಮೊದಲ ದಿನವೇ ಚೆಲ್ಲಾಪಿಲ್ಲಿ ಬಿದ್ದ ಶೂಗಳನ್ನು ಕಂಡು ಬಗ್ಗಿ ಜೋಡಿಸಿದೆ. ಎಲ್ಲದರ ತುದಿ ಬಾಗಿಲ ಕಡೆಗೆ. ಅಪ್ಪ ಮಾಡುವುದನ್ನು ನೋಡಿ ನೋಡಿ ಕೈಗೆ ಹತ್ತಿದ ಚಾಳಿ. ಮಾಧವ ಸಾಹೇಬರ ಹೆಂಡತಿ ಕೃಷ್ಣವೇಣಿ ಅಮ್ಮನವರು ಮೈಸೂರಿನವರು. ಅವರು ನೋಡಿ ಮೆಚ್ಚಿಕೊಂಡರು.

"ಎಷ್ಟು ನೀಟಾಗಿ ಜೋಡಿಸ್ತೀರಾ ಪರಪ್ಪ! ನಮ್ಮನೇಲಿ ಯಾರಿಗೂ ಈ ಬುದ್ಧಿ ಇಲ್ಲ ನೋಡಿ."

"ಅದು ರಕ್ತದಾಗ ಬಂದದ್ದು. ಕಲಸಿದ್ರ ಬರೂದಿಲ್ಲ," ಎಂದು ಒಳಗಿನಿಂದ ದೊಡ್ಡ ಸಾಹೇಬರು ಹೇಳಿದರು. ಖುಷಿಯಿಂದಲೇ ಹೇಳಿದರು. ಆ ದಿನ ನನಗೂ ಖುಷಿಯಾಯಿತು ಎಂಬುದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಆದರೆ ಒಂದು ಮಾತು ಹೇಳದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ನಾನು ಇರುವುದು ಸ್ಟೇಷನ್ನಿನ ಹಿಂದೆ, ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಪಕ್ಕದ ಕೋಣೆಗಳಲ್ಲಿ ಘಾನಾದವನೊಬ್ಬ, ರೊಮೇನಿಯಾದವನೊಬ್ಬ. ಒಳ್ಳೆಯವರೇ. ಹಲೋ, ಕೋಲ್ಡ್, ವೆರಿ ಕೋಲ್ಡ್. ಅಲ್ಲಿಗೆ ಮಾತು ಮುಗಿಯುತ್ತದೆ. ಭಾನುವಾರ ಇಡೀ ದಿನ ಕೆಳಗಿನ ಮಷೀನುಗಳು ತಿರುಗುವ ಸದ್ದು ಕೇಳುತ್ತ ಮಲಗಿರುತ್ತೇನೆ. ಕೆಲವು ಸಲ ನನ್ನ ದನಿ ನನಗೇ ಮರೆತುಹೋಗಿ, ಸುಮ್ಮನೆ ಗೋಡೆಗೆ ಏ ಪರಪ್ಪಾ ಎಂದು ಕೂಗಿ ನೋಡಿದ್ದೇನೆ. ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತಿದ್ದದ್ದು ಆ ಮನೆಯಲ್ಲಿ ಮಾತ್ರ, ಆ ಮುದುಕರ ಬಾಯಿಂದ ಮಾತ್ರ. ಜ್ವಾಳದ ರೊಟ್ಟಿ, ಹಿಂಡಿ, ಹಳ್ಳದ ದಂಡಿ, ಬ್ಯಾಸಗಿ ಬಿಸಲು. ಅವರಿಗೂ ಈ ಮಾತು ಆಡಲು ಬೇರೆ ಯಾರೂ ಇರಲಿಲ್ಲ. ಮಗನಿಗೆ ಪುರುಸೊತ್ತಿಲ್ಲ, ಸೊಸೆಯ ಮಾತು ಬೇರೆ, ಮೊಮ್ಮಗಳು ಗಾರ್ಗಿ ಕನ್ನಡ ಕೇಳಿ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಬೆಳಿಗ್ಗೆ ಎಂಟು ಯಾವಾಗ ಆದೀತು ಎಂದು ನಾನು ಕಾಯುತ್ತಿದ್ದೆ. ಮಲ ಬಳಿಯುತ್ತಲೇ ಮಾತು ಕೇಳುತ್ತಿದ್ದೆ. ಒಂಟಿತನ ಮನುಷ್ಯನನ್ನು ಎಷ್ಟು ಕೆಳಗೆ ಇಳಿಸುತ್ತದೆ ಎಂದು ನನ್ನನ್ನು ಕೇಳಿ.

ದೊಡ್ಡ ಸಾಹೇಬರ ಎಂಬತ್ತೈದನೆಯ ಹುಟ್ಟುಹಬ್ಬಕ್ಕೆ ಮಾಧವ ಸಾಹೇಬರು ಒಂದು ಶಾಲೆಯ ಹಾಲ್ ಹಿಡಿದು, ಇಲ್ಲಿಯ ಕನ್ನಡ ಸಂಘದವರನ್ನೆಲ್ಲ ಕರೆದರು. ಅವರ ಜೊತೆ ಕೆಲಸ ಮಾಡಿದ್ದ ಹ್ಯಾಲಮ್ ಎಂಬ ಇಂಗ್ಲಿಷ್ ಸರ್ಜನ್ ಒಬ್ಬರಿದ್ದಾರೆ. ರಿಟೈರಾದ ಮೇಲೆ ತಮ್ಮ ಹಳ್ಳಿಗಾಡಿನ ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದು ವರ್ಷ ಶೆರಿಫ್ ಆಗಿದ್ದವರು. ಮಖಮಲ್ಲಿನ ಕೋಟು, ಬೆಳ್ಳಿಯ ಗುಂಡಿ, ಸೊಂಟಕ್ಕೆ ಕತ್ತಿ. ಹಿಂದೆ ಜಡ್ಜುಗಳ ತೀರ್ಪು ಜಾರಿ ಮಾಡುತ್ತಿದ್ದ ಹಳೆಯ ಪದವಿ, ಈಗ ಹೆಸರಿಗೆ ಮಾತ್ರ. ಅವರು ಬಂದು ತಮ್ಮ ಕೌಂಟಿಯ ಜಡ್ಜುಗಳ, ಶೆರಿಫರ ಚರಿತ್ರೆ ಹೇಳುವುದು. ಆಮೇಲೆ ದೇಸಾಯರ ಮನೆತನದ ನ್ಯಾಯದ ಚರಿತ್ರೆಯನ್ನು ನಾವು ಆಡಿ ತೋರಿಸುವುದು. ನಾಟಕ ಬರೆಯುವ ಕೆಲಸ ಕಾನೂನು ಓದುತ್ತಿರುವ ಗಾರ್ಗಿಯದು.

ಅದರ ತಯಾರಿಗೆ ಕೂತ ಭಾನುವಾರ ನನಗೆ ರಜೆ. ಆದರೂ ಕರೆದರೆ ಹೋದೆ. ದೊಡ್ಡ ಸಾಹೇಬರನ್ನು ವೀಲ್‌ಚೇರಿನಲ್ಲಿ ಕೂರಿಸಿ ಚಮಚದಿಂದ ಉಪ್ಪಿಟ್ಟು ತಿನ್ನಿಸುತ್ತಿದ್ದೆ. ಗಾರ್ಗಿ ಎದುರು ಕೂತು ಕೇಳಿದಳು.

"ಅಜ್ಜಾ, ಒಂದು ಕೇಸ್ ಹೇಳು. ರಿಯಲ್ ಕೇಸ್. ಡ್ರಮ್ಯಾಟಿಕ್ ಇರಬೇಕು."

ಸಾಹೇಬರು ಉಪ್ಪಿಟ್ಟು ನುಂಗಿ, ನನ್ನ ಕಡೆ ಬಲಗೈ ಚಾಚಿದರು.

"ಇವನ ಮನೀದೇ ಅದ ಒಂದು. ನಾ ಏಳೆಂಟು ವರ್ಷದಾಂವ. ಕಟ್ಟಿ ಮ್ಯಾಲೆ ನಮ್ಮ ಅಜ್ಜಾ ಅವರ ತೊಡಿ ಮ್ಯಾಲೆ ಕೂತಿದ್ದೆ. ದುರಗ್ಯಾ ಅಂತೊಬ್ಬ ಸೊಲ್ಲಾಪುರದಿಂದ ಬಂದ. ಯಾರದೋ ಬೂಟು ಕದ್ದು ಕಾಲಿಗೆ ಹಾಕ್ಕೊಂಡಿದ್ದ. ಅಜ್ಜಾ ಅವರು, ಅದೇ ಬೂಟಿಲೆ ಹೊಡೀರಿ ಅವಗ ಅಂದ್ರು. ಹೊಡಿಯೋ ವಾಲೀಕಾರ ಯಾರು? ಕಳ್ಳನ ಖಾಸ ಅಣ್ಣ! ಅಮರ್ಯಾ. ಪಿಟ್ಟ ಅನ್ಲಿಲ್ಲ. ಹೊಡದ. ತಮ್ಮ ಅಂತ ಕೈ ಹಗುರ ಮಾಡ್ಲಿಲ್ಲ. ನ್ಯಾಯ ಅಂದ್ರ ಅದು!"

"ಓ ಮೈ ಗಾಡ್," ಎಂದಳು ಗಾರ್ಗಿ. "ಅಂಕಲ್, ನಿಮ್ಮ ಅಜ್ಜ? ಹಿ ವಾಸ್ ದ ಶೆರಿಫ್! ನೀವೇ ಆ ರೋಲ್ ಮಾಡಬೇಕು."

ಚಮಚ ನನ್ನ ಕೈಯಲ್ಲೇ ನಿಂತಿತು. ಅವಳ ಕಣ್ಣಲ್ಲಿ ಕೆಟ್ಟದ್ದು ಇರಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವರು ಬಾಯಿ ತೆರೆದು ಮುಂದಿನ ತುತ್ತಿಗೆ ಕಾಯುತ್ತಿದ್ದರು.

ನಮ್ಮ ಮನೆಯಲ್ಲಿ ಆ ಕತೆ ಬೇರೆ ಇದೆ. ದುರಗಪ್ಪ ಸೊಲ್ಲಾಪುರದ ಗಿರಣಿಯಲ್ಲಿ ನೂಲಿನ ಧೂಳು ಕುಡಿದು ದುಡಿದವನು. ಅದರಲ್ಲಿ ಒಂದು ಜೊತೆ ಕರೀ ಬೂಟು ಕೊಂಡ. ಹಬ್ಬಕ್ಕೆ ಊರಿಗೆ ಬಂದ. ವಾಡೆ ಹತ್ತಿರ ಬಂದಾಗ ನಮ್ಮವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ದಾಟಬೇಕು. ಅವನು ಬಿಚ್ಚಲಿಲ್ಲ. ಟಪಟಪ ಸದ್ದು ಮಾಡುತ್ತ ಕಟ್ಟೆಯ ಮುಂದೆ ಹಾದುಹೋದ. ಕಟ್ಟೆಯ ಮೇಲೆ ಕೂತವರು ಕಳ್ಳ ಎಂದರು. ಹೊಲೇರವನಿಗೆ ಬೂಟು ಎಲ್ಲಿಂದ ಬಂತು, ಕದ್ದದ್ದೇ ಸೈ. ಯಾರ ಬೂಟು ಕಳೆದಿದೆ ಎಂದು ಯಾರೂ ಕೇಳಲಿಲ್ಲ. ಕಳೆದುಕೊಂಡವರು ಇದ್ದರಲ್ಲವೇ ಕೇಳುವುದು. ಅಜ್ಜನ ಕೈಗೆ ಬೂಟು ಕೊಟ್ಟರು. ಹೊಡೆಯದಿದ್ದರೆ ಕೇರಿಗೆ ಕೇರಿಯನ್ನೇ ಎಬ್ಬಿಸುತ್ತೇವೆ ಎಂದರು. ಅಜ್ಜ ತಮ್ಮನ ಬಾಯಿಗೆ, ಕಿವಿಗೆ, ಬೆನ್ನಿಗೆ ಹೊಡೆದ. ಹಿಮ್ಮಡಿಯ ಲಾಳ ಹತ್ತಿ ಹುಬ್ಬು ಹರಿಯಿತು. ದುರಗಪ್ಪ ಅಳಲಿಲ್ಲವಂತೆ. ಅಣ್ಣನ ಮುಖವನ್ನೇ ನೋಡುತ್ತಿದ್ದನಂತೆ. ಅವತ್ತು ಊರು ಬಿಟ್ಟವನು ತಿರುಗಿ ಬರಲಿಲ್ಲ. ಎಲ್ಲಿ ಸತ್ತನೋ ಗೊತ್ತಿಲ್ಲ. ಅಜ್ಜ ಸಾಯುವವರೆಗೂ ಕಾಲಿಗೆ ಏನನ್ನೂ ಹಾಕಲಿಲ್ಲ. ಉರಿಬಿಸಿಲಲ್ಲೂ ಬರಿಗಾಲು. ಅಪ್ಪ ಇದನ್ನು ಹೇಳುವಾಗ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದ.

ಮರುದಿನ ಬೆಳಿಗ್ಗೆ ಸಾಹೇಬರನ್ನು ಸ್ನಾನದ ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ಸೋಪು ಹಚ್ಚುತ್ತಿದ್ದೆ. ಎದುರಿಗೆ ನಿಂತು ಕೇಳುವ ಧೈರ್ಯವಿರಲಿಲ್ಲ. ಹಿಂದಿನಿಂದ ಕೇಳಿದೆ.

"ಧಣೇರ, ಆ ಬೂಟು ಯಾರವರಿ?"

ಬೆನ್ನು ಬಿಗಿಯಾಯಿತು. ನನ್ನ ಅಂಗೈಗೆ ತಿಳಿಯಿತು.

"ಯಾವ ಬೂಟು?"

"ದುರಗಪ್ಪಂದು. ನೀವು ಕಟ್ಟಿ ಮ್ಯಾಲೇ ಇದ್ರಿ. ಕಳಕೊಂಡವ್ರು ಯಾರು ಬಂದಿದ್ರಿ ಹೇಳ್ರಿ."

ನೀರು ಹರಿಯುತ್ತಿತ್ತು. ಅವರು ತಲೆ ತಿರುಗಿಸದೆ ಮಾತಾಡಿದರು. ಅದು ಮುದುಕರ ದನಿ ಅಲ್ಲ. ಕೋರ್ಟಿನ ದನಿ.

"ಅಪೀಲಿಗೆ ಒಂದು ಮುದ್ದತ್ತು ಅಂತ ಇರ್ತದ ಪರಪ್ಪಾ. ಅದು ಮುಗದದ. ನೀರು ತಣ್ಣಗಾತು, ಲಗೂ ಮುಗಸು."

ಬೆಚ್ಚಗಿನ ನೀರು ಬಿಟ್ಟೆ. ಟವೆಲಿನಿಂದ ಒರೆಸಿದೆ. ಅವರಿಗೆ ಗೊತ್ತಿತ್ತು. ಏಳೆಂಟು ವರ್ಷದ ಹುಡುಗನಿಗೂ ಅವತ್ತು ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಮಾಧವ ಸಾಹೇಬರು ಡ್ಯೂಟಿಗೆ ಹೊರಟಿದ್ದರು. ಬಾಗಿಲಲ್ಲಿ ಹಿಡಿದೆ.

"ಸಾಹೇಬ್ರ, ನಂಗ ನಾಟಕ ಬರೂದಿಲ್ರಿ. ಮತ್ತ್ಯಾರ ಕಡಿಂದರ ಮಾಡಸ್ರಿ."

"ಅದರಾಗ ಬರೂದೇನದನೋ? ಕಂಬಳಿ ಹೊತ್ತು ನಿಂತ್ರ ಆತು. ನಿಂಗ ಯಾರರ ಕಲಸಿಕೊಡೂದು ಏನದ ಅದರಾಗ?" ಎಂದು ನಕ್ಕರು. ನಾನು ಜೋಡಿಸಿಟ್ಟಿದ್ದ ಶೂಗಳಲ್ಲಿ ಕಾಲು ತೂರಿಸಿದರು. ತಿರುಗಬೇಕಾಗಲಿಲ್ಲ. "ಹಾಂ, ನಿನ್ನ ವೀಸಾ ರಿನೀವಲ್ ಬಂತಲ್ಲ? ಏಜೆನ್ಸಿಯವರ ಜೋಡಿ ನಾ ಮಾತಾಡ್ತೀನಿ. ಕಾಳಜಿ ಮಾಡಬ್ಯಾಡ."

ಬೆದರಿಸಿದರೋ, ಅಭಯ ಕೊಟ್ಟರೋ. ದೊಡ್ಡವರ ಬಾಯಲ್ಲಿ ಎರಡೂ ಒಂದೇ ತರಹ ಕೇಳಿಸುತ್ತದೆ. ಕೆಲಸ ಹೋದರೆ ಎರಡು ತಿಂಗಳೊಳಗೆ ಬೇರೆ ಏಜೆನ್ಸಿ ಹುಡುಕಬೇಕು. ಇಲ್ಲವೇ ದೇಶ ಬಿಡಬೇಕು.

ರತ್ನಾಬಾಯಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ನಾಟಕ ಅಲ್ಲೇನ್ರಿ?" ಎಂದಳು. "ಹ್ಞೂಂ ಅಂದು ಬಿಡ್ರಿ. ಸೃಷ್ಟಿದು ಕಾಲೇಜು ಬಂತು. ಸಿಟ್ಟು ನುಂಗ್ರಿ. ನುಂಗೂದು ನಮಗೇನು ಹೊಸಾದೇನು?"

ನುಂಗೋಣ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೇ ಹುಟ್ಟುಹಬ್ಬದ ದಿನ ಹಾಲ್‌ಗೆ ಹೋದೆ.

ಬಾಗಿಲಲ್ಲಿ ಶೂಗಳ ರಾಶಿ. ಒಳಗೆ ದೀಪ, ದೇವರ ಫೋಟೊ, ಪೂಜೆ. ಎಲ್ಲರೂ ಕಾಲುಚೀಲದಲ್ಲಿ, ಬರಿಗಾಲಲ್ಲಿ. ಸಾಹೇಬರ ವೀಲ್‌ಚೇರ್ ಒಳಗೆ ತಳ್ಳಿ ನಿಲ್ಲಿಸಿ ಬಂದು ನಾನು ಬಗ್ಗಿದೆ. ಒಂದೊಂದೇ ಜೊತೆ ಹುಡುಕಿ ತುದಿ ಹೊರಗೆ ಮಾಡಿ ಇಟ್ಟೆ. ನನ್ನ ಶೂಗಳನ್ನು ಕೊನೆಯಲ್ಲಿ ಗೋಡೆಯ ಮೂಲೆಗೆ ಇಟ್ಟೆ. ಕಪ್ಪು, ದಪ್ಪ ತಳದವು. ಒದ್ದೆ ಬಾತ್‌ರೂಮಿನಲ್ಲಿ ಜಾರಬಾರದೆಂದು ನನ್ನ ದುಡಿಮೆಯಲ್ಲಿ ಕೊಂಡವು.

ಹ್ಯಾಲಮ್ ಸಾಹೇಬರೂ ಬಕಲಿನ ಬೂಟು ಬಿಚ್ಚಿ, ಬಿಳಿ ಕಾಲುಚೀಲದಲ್ಲೇ ವೇದಿಕೆ ಹತ್ತಿದರು. ಒಳ್ಳೆಯ ಮಾತುಗಾರರು. ಹಿಂದೆ ಲಂಡನ್ನಿನಿಂದ ಜಡ್ಜ್ ಬರುವಾಗ ಶೆರಿಫ್ ಕೌಂಟಿಯ ಗಡಿಗೇ ಹೋಗಿ ಎದುರುಗೊಳ್ಳುತ್ತಿದ್ದನಂತೆ. ಕುದುರೆ, ಕಹಳೆ, ಮೆರವಣಿಗೆ. ಜೈಲಿನ ನಾತ ಜಡ್ಜನ ಮೂಗಿಗೆ ಬಡಿಯದಿರಲೆಂದು ಕೈಗೆ ಹೂವಿನ ಗೊಂಚಲು ಕೊಡುತ್ತಿದ್ದರಂತೆ. ಗಲ್ಲಿಗೇರಿಸುವ ಹೊಣೆಯೂ ಶೆರಿಫನದೇ. ಆದರೆ ತಾನೇ ಯಾರು ಮಾಡುತ್ತಾರೆ? ಅದಕ್ಕೆಂದು ಒಬ್ಬ ಬಡವನನ್ನು ಹಿಡಿದು ತರುತ್ತಿದ್ದರಂತೆ. ಅವನು ಊರ ಮಂದಿಗೆ ಮುಖ ತೋರಿಸುತ್ತಿರಲಿಲ್ಲವಂತೆ. ಸಭೆ ನಕ್ಕಿತು.

ನಾನು ನಗಲಿಲ್ಲ. ಗಾರ್ಗಿ ಹೇಳಿದ್ದು ಸುಳ್ಳು. ನನ್ನಜ್ಜ ಶೆರಿಫ್ ಅಲ್ಲ. ನನ್ನಜ್ಜ ಆ ಮುಖ ತೋರಿಸದ ಬಡವ.

ನಾಟಕ ಶುರುವಾಯಿತು. ಜರಿಪೇಟ ಸುತ್ತಿದ ದೊಡ್ಡ ಸಾಹೇಬರೇ ವೀಲ್‌ಚೇರಿನಲ್ಲಿ ಕೂತು ತಮ್ಮ ಅಜ್ಜನ ಪಾತ್ರ ಮಾಡಿದರು. ನಿತೀಶ ಎಂಬ ಕಂಪ್ಯೂಟರ್ ಎಂಜಿನಿಯರ್ ಹುಡುಗ ದುರಗಪ್ಪ. ಮುಖಕ್ಕೆ ಮಸಿ ಬಳಿದುಕೊಂಡು, ಕುಂಟುತ್ತ, ಹಲ್ಲು ಕಿರಿಯುತ್ತ ಬಂದ. ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಹೆಗಲಿಗೆ ಕಂದು ಬಣ್ಣದ ಬೆಡ್‌ಶೀಟು, ಕೈಗೆ ಮಾಪಿನ ಕೋಲು. ಮಾಧವ ಸಾಹೇಬರು ಪಕ್ಕದಿಂದ ತಮ್ಮ ಹಳೆಯ ಬೂಟು ನನ್ನ ಕೈಗೆ ತುರುಕಿದರು.

"ಅದೇ ಬೂಟಿಲೆ ಹೊಡೀರಿ ಅವಗ!" ಎಂದರು ದೊಡ್ಡ ಸಾಹೇಬರು. ಮೈಕಿನಲ್ಲಿ ಹಾಲ್ ತುಂಬಿತು.

ನಿತೀಶ ನನ್ನ ಮುಂದೆ ಮಂಡಿಯೂರಿ, ಕಣ್ಣು ಹೊಡೆದು, "ಮೆಲ್ಲಗೆ ಹೊಡೀರಿ ಅಂಕಲ್," ಎಂದು ಪಿಸುಗುಟ್ಟಿದ.

ಬೂಟು ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಅಜ್ಜನಿಗೆ ಹೀಗೆ ನಿಲ್ಲಲು ಆಗಲಿಲ್ಲ. ಅವನ ಹಿಂದೆ ಒಂದು ಕೇರಿ ಇತ್ತು, ಗುಡಿಸಲಿತ್ತು, ಕೂಸುಗಳಿದ್ದವು. ಇಲ್ಲಿ ನನ್ನ ಹಿಂದೆ ಯಾರಿದ್ದಾರೆ? ಲಾಂಡ್ರಿಯ ಮೇಲಿನ ಒಂದು ಕೋಣೆ. ಯಾರೂ ಇಲ್ಲದವನಿಗೆ ಯಾರ ಭಯ ಎಂದು ಆಗ ಅನ್ನಿಸಿತು. ಬೂಟನ್ನು ಕೆಳಗಿಳಿಸಿದೆ. ನಿತೀಶನ ಕಾಲ ಹತ್ತಿರ ಇಟ್ಟೆ.

"ಹಾಕ್ಕೊ. ನಿನ್ನವ ಅದಾವು."

ಅವನು ಪಿಳಿಪಿಳಿ ನೋಡಿದ. ನಾನು ದೊಡ್ಡ ಸಾಹೇಬರ ಕಡೆ ತಿರುಗಿದೆ.

"ಧಣೇರ, ಇವು ದುರಗಪ್ಪನ ಬೂಟು. ಗಿರಣ್ಯಾಗ ದುಡದು ತೊಗೊಂಡಾನ. ನೀವು ನೋಡೀರಿ. ನೀವು ಅಲ್ಲೇ ಇದ್ರಿ. ಈ ಮಂದಿ ಮುಂದ ಹೇಳ್ರಿ, ಇವು ಯಾರವು?"

ದೊಡ್ಡ ಸಾಹೇಬರು ನನ್ನನ್ನು ನೋಡಿದರು. ಮೈಕು ಅವರ ಬಾಯಿಯ ಹತ್ತಿರವೇ ಇತ್ತು.

"ನೆನಪಿಲ್ಲ," ಎಂದರು.

ಚಪ್ಪಾಳೆ ಬಿತ್ತು. ಹೌದು, ಚಪ್ಪಾಳೆ. ಎಲ್ಲರೂ ಇದು ನಾಟಕದ ಮಾತು ಎಂದುಕೊಂಡರು. ಹ್ಯಾಲಮ್ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಸೂಪರ್ ಆ್ಯಕ್ಟಿಂಗ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಗಾರ್ಗಿ ಮಾತ್ರ ಕೈಯಲ್ಲಿದ್ದ ಹಾಳೆಯನ್ನೂ ನನ್ನನ್ನೂ ನೋಡಿದಳು. ಬರೆದವಳಿಗೆ ತಾನು ಬರೆಯದ ಮಾತು ಯಾವುದೆಂದು ಗೊತ್ತಿತ್ತು.

ಇಷ್ಟು ಮಂದಿಯ ನಡುವೆ, ನನ್ನದೇ ಭಾಷೆಯಲ್ಲಿ, ಗಂಟಲು ಹರಿಯುವ ಹಾಗೆ ನಿಜ ಹೇಳಿದ್ದೆ. ಒಬ್ಬರಿಗೂ ಕೇಳಿಸಲಿಲ್ಲ. ಆ ಚಪ್ಪಾಳೆಯಲ್ಲಿ ನಿಂತಾಗ ಆದಷ್ಟು ಒಂಟಿತನ ನನಗೆ ಆ ಲಾಂಡ್ರಿಯ ಕೋಣೆಯಲ್ಲೂ ಆಗಿಲ್ಲ.

ಬೆಡ್‌ಶೀಟು ತೆಗೆದು ಕೋಲಿನ ಜೊತೆ ನೆಲಕ್ಕೆ ಹಾಕಿದೆ. ವೇದಿಕೆ ಇಳಿದು ಬಾಗಿಲಿಗೆ ಹೋದೆ. ಮೂಲೆಯಿಂದ ನನ್ನ ಶೂ ತೆಗೆದುಕೊಂಡೆ. ಕೂತು, ಲೇಸು ಬಿಗಿದು ಕಟ್ಟಿದೆ. ಹೊರಗಿನ ಬಾಗಿಲು ಮುಂದೆಯೇ ಇತ್ತು. ನಾನು ತಿರುಗಿ ಒಳಗೆ ಬಂದೆ.

ಹಾಲ್‌ನ ಮರದ ನೆಲ ದಪ್ಪ ತಳಕ್ಕೆ ಸದ್ದು ಮಾಡುತ್ತದೆ. ಬಾಗಿಲಿನಿಂದ ವೇದಿಕೆಯವರೆಗೆ ನಡೆದೆ. ದೀಪದ ಮುಂದೆ, ದೇವರ ಫೋಟೊದ ಮುಂದೆ, ಪೇಟ ಸುತ್ತಿದ ದೇಸಾಯರ ಮುಂದೆ ನಡೆದೆ. ಓಡಲಿಲ್ಲ. ಚಪ್ಪಾಳೆ ಒಂದೊಂದೇ ಕಡೆ ನಿಂತಿತು. ಮಾತೂ ನಿಂತಿತು. ಮಾತಿಗೆ ಕಿವುಡಾದವರಿಗೆ ಬೂಟಿನ ಸದ್ದು ಚೆನ್ನಾಗಿ ಕೇಳಿಸಿತು.

"ಅಯ್ಯೋ, ದೀಪ ಇದೆ! ಶೂ ಬಿಚ್ಚಿ ಪರಪ್ಪ!" ಎಂದು ಕೃಷ್ಣವೇಣಿ ಅಮ್ಮನವರು ಕೂಗಿದರು.

ಮಾಧವ ಸಾಹೇಬರು ಅಡ್ಡ ಬಂದು ನನ್ನ ತೋಳು ಹಿಡಿದರು. ಮುಖ ಕೆಂಪಾಗಿತ್ತು. "ಏನ್ ಮಾಡ್ಲಿಕತ್ತಿ ನೀ? ತಲಿ ನೆಟ್ಟಗದ ಏನು? ಬಿಚ್ಚು ಮೊದಲ!"

"ಬಿಚ್ಚೂದಿಲ್ರಿ."

"ಏನಂದಿ?"

"ನಿಮ್ಮಪ್ಪನ ಮೈ ತೊಳೀತೀನ್ರಿ. ಅದು ಕೆಲಸ, ಮಾಡ್ತೀನಿ. ಬೂಟು ಬಿಚ್ಚೂದಿಲ್ಲ. ಯಾರ ಬೂಟೂ ಇನ್ನ ಮ್ಯಾಲೆ ಜೋಡಸೂದಿಲ್ಲ."

ಅವರ ಕೈ ಬಿಡಿಸಿಕೊಂಡೆ. ನನ್ನ ನಡ ಅವರಪ್ಪನನ್ನು ಎತ್ತಿ ಎತ್ತಿ ಗಟ್ಟಿಯಾದದ್ದು. ವೀಲ್‌ಚೇರಿನ ಮುಂದೆ ಹಾಯುವಾಗ ದೊಡ್ಡ ಸಾಹೇಬರ ಕಣ್ಣು ನನ್ನ ಕಾಲಿನ ಮೇಲಿತ್ತು. ಆ ಕಣ್ಣಿನಲ್ಲಿ ಏಳೆಂಟು ವರ್ಷದ ಹುಡುಗನ ಹೆದರಿಕೆ ಇತ್ತು. ಪಕ್ಕದ ಬಾಗಿಲಿನಿಂದ ಹೊರಗೆ ಹೋದೆ. ಬಸ್‌ಸ್ಟಾಪಿನಲ್ಲಿ ಕೂತು ಅತ್ತೆ.

ಸೋಮವಾರ ಏ‍ಜೆನ್ಸಿಯಿಂದ ಫೋನ್ ಬಂತು. ಆ ಮನೆಗೆ ಇನ್ನು ಹೋಗಬೇಡ, ಆಫೀಸಿಗೆ ಬಂದು ವಿವರಣೆ ಕೊಡು ಎಂದರು. ಸಂಘದ ವಾಟ್ಸಪ್ ಗುಂಪಿನಿಂದ ನನ್ನ ಹೆಸರು ತೆಗೆದರು. ದೇವರಿಗೆ ಅವಮಾನ ಮಾಡಿದವನು, ಉಂಡ ಮನೆಗೆ ಎರಡು ಬಗೆದವನು. ಬೂಟು ಯಾರದು ಎಂದು ಆ ಗುಂಪಿನಲ್ಲೂ ಯಾರೂ ಕೇಳಿರಲಿಲ್ಲ.

ರತ್ನಾಬಾಯಿ ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡೆ.

"ಹಾಕ್ಕೊಂಡೇ ಹಾದ್ರೇನು?" ಎಂದಳು. "ಅವ್ರ ಮುಂದ?"

"ಹ್ಞೂಂ."

"ಸಪ್ಪಳಾ ಆತೇನ್ರಿ?"

"ಆತು."

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಸೃಷ್ಟಿಯ ಕಾಲೇಜಿನ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮತ್ತೆ ದಿನಗಳು. ಬೆಳಿಗ್ಗೆ ಎಂಟಾಗುತ್ತದೆ. ಎತ್ತಲು ಯಾರೂ ಇಲ್ಲದ ತೋಳುಗಳು ಸುಮ್ಮನೆ ಬಿದ್ದಿರುತ್ತವೆ. ಕೆಳಗೆ ಮಷೀನುಗಳು ತಿರುಗುತ್ತವೆ. ಬೇರೆ ಏಜೆನ್ಸಿಗಳಿಗೆ ಫೋನ್ ಮಾಡುತ್ತೇನೆ. ಹೆಸರು ಕೇಳುತ್ತಾರೆ, ಹೇಳುತ್ತೇನೆ, ತಿಳಿಸುತ್ತೇವೆ ಎನ್ನುತ್ತಾರೆ. ನಮ್ಮ ಕಡೆಯ ಮಾತು ಕೇಳದೆ ಕಿವಿ ಒಣಗಿಹೋಗಿವೆ.

ಒಂದು ಬೆಳಿಗ್ಗೆ ಫೋನ್ ಬಂತು. ಆ ಮನೆಯದೇ ನಂಬರು. ಮೊದಲು ಬರೀ ಉಸಿರು ಕೇಳಿಸಿತು.

"ಪರಪ್ಪಾ. ನಾನೋ."

"ಹೇಳ್ರಿ."

"ಹೊಸಾ ಹುಡುಗಿ ಒಬ್ಬಾಕಿ ಬರ್ತಾಳ. ಮಾತ ತಿಳಿಯೂದಿಲ್ಲ ಆಕಿಗೆ. ಆ ಜೋಕಾಲ್ಯಾಗ ಹಾಕಿ ಎತ್ತತಾಳ. ನೀ ಬಾರಪ್ಪಾ."

ಅಪ್ಪಾ ಎಂದರು. ಆ ಮನೆತನದವರು ನಮ್ಮವರನ್ನು ಹಾಗೆ ಕರೆದದ್ದು ನಾನು ಕೇಳಿಲ್ಲ. ಹೋಗಿಬಿಡಬೇಕು ಅನ್ನಿಸಿತು. ಹಳ್ಳದ ದಂಡಿಯ ಮಾತು ಕೇಳುತ್ತ ಆ ಮುದಿ ಬೆನ್ನು ತೊಳೆಯಬೇಕು ಅನ್ನಿಸಿತು.

"ಆ ಬೂಟು ಯಾರವರಿ?" ಎಂದೆ.

ಉಸಿರು. ಹೊದಿಕೆ ಎಳೆದುಕೊಂಡ ಸದ್ದು.

"ಅವನವೇ," ಎಂದರು. ಪಿಸುಮಾತು. "ಅವನವೇ ಇದ್ವು. ಅಜ್ಜಾ ಅವರಿಗೂ ಗೊತ್ತಿತ್ತು."

"ಗಟ್ಟ್ಯಾಗಿ ಹೇಳ್ರಿ."

"ಹೇಳಿದೆನಲ್ಲೋ."

"ಮಗಗ ಕೇಳೂ ಹಂಗ ಹೇಳ್ರಿ. ಮೊಮ್ಮಗಳಿಗಿ ಕರದು ಹೇಳ್ರಿ."

"ಮೆಲ್ಲಕ ಮಾತಾಡೋ! ಮಾಧವ ಮನ್ಯಾಗದಾನ."

ಎಷ್ಟೋ ಮಂದಿಗೆ ಜೈಲು ಬರೆದ ಕೈ. ಎಷ್ಟೋ ಮಂದಿ ಕೈಕಟ್ಟಿ ನಿಂತು ಕೇಳಿದ ದನಿ. ಅದು ಈಗ ಮಗನಿಗೆ ಅಂಜಿ ಹಾಸಿಗೆಯೊಳಗೆ ಪಿಸುಗುಡುತ್ತಿತ್ತು. ನನಗೆ ಅವರ ಬಗ್ಗೆ ಅಯ್ಯೋ ಎನ್ನಿಸಿತು. ದುರಗಪ್ಪನ ಹುಬ್ಬು ನೆನಪಾಯಿತು.

"ಗಟ್ಟ್ಯಾಗಿ ಹೇಳಿದ ದಿನ ಫೋನ್ ಮಾಡ್ರಿ," ಎಂದೆ. "ಏಜೆನ್ಸಿ ಬ್ಯಾಡಂದ್ರೂ ಬರ್ತೀನಿ. ಅಲ್ಲೀತನಕಾ ಇಲ್ಲ."

"ಪರಪ್ಪಾ, ತಡೀ..."

ನಮ್ಮ ಮನೆತನದಲ್ಲಿ ದೇಸಾಯರು ಹೋಗು ಎನ್ನದೆ ಯಾರೂ ತಿರುಗಿ ನಡೆದವರಲ್ಲ. ನಾನು ಫೋನ್ ಇಟ್ಟೆ.

ಕೆಳಗಿನ ಮಷೀನುಗಳು ಇನ್ನೂ ಶುರುವಾಗಿರಲಿಲ್ಲ, ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಘಾನಾದವನು ಕೆಲಸಕ್ಕೆ ಹೋಗಿದ್ದ, ರೊಮೇನಿಯಾದವನೂ ಹೋಗಿದ್ದ. ಹಾಸಿಗೆಯ ಕೆಳಗಿನಿಂದ ಬೂಟು ಎಳೆದುಕೊಂಡು ಹಾಕಿಕೊಂಡೆ. ಲೇಸು ಕಟ್ಟಿ ಎದ್ದು ನಿಂತೆ. ಹೋಗಲು ಎಲ್ಲಿಯೂ ಇರಲಿಲ್ಲ. ಗೋಡೆಯಿಂದ ಗೋಡೆಗೆ, ಸದ್ದು ಕೇಳುವ ಹಾಗೆ ನಡೆದೆ.